ಪಡಸಾಲೆಗೆ ತಂದ ಗೀಜಗನ ಗೂಡುಗಳು

ಆಗ ನಮ್ಮ ಕಡೆ ದುಡ್ಡು ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಮಲಗಿ ಏಳುವವರು ಇದ್ದಾರೆ ಎಂದರೆ ಜನ ನಗುತ್ತಿದ್ದರು. ಊರಿಗೆ ಬಂದವರಿಗೆ ನೆಂಟರ ಮನೆ ಇರುತ್ತಿತ್ತು, ನೆಂಟರಿಲ್ಲದವರಿಗೆ ಮಠ ಇರುತ್ತಿತ್ತು, ಎರಡೂ ಬೇಡವಾದವರು ಸಂಜೆಯ ಬಸ್ಸು ಹಿಡಿದು ಹೋಗುತ್ತಿದ್ದರು. ಅಂಥ ದಿನಗಳಲ್ಲಿ ನಮ್ಮಪ್ಪ ಬೀಳಗಿಯಾಚೆಯ ನಮ್ಮ ತೋಟದಲ್ಲಿ ಎರಡು ಕೋಣೆ ಕಟ್ಟಿಸಿ, ಗೇಟಿಗೆ ಹಸಿರು ಬೋರ್ಡು ಹಾಕಿಸಿ, "ಹಕ್ಕಿ ನೋಡುವವರಿಗೆ ವಸತಿ ಮತ್ತು ನಾಷ್ಟಾ" ಎಂದು ಬರೆಸಿದ. ಬೋರ್ಡು ಬರೆಯಲು ಬಂದ ಪೇಂಟರ್ ಕುಂಚ ಕೈಯಲ್ಲಿ ಹಿಡಿದು ಎರಡೆರಡು ಸಲ ಕೇಳಿದ್ದು ನನಗೆ ನೆನಪಿದೆ.

"ಖರೇನಽ ರೀ? ಹಕ್ಕಿ ನೋಡಾಕ ಮಂದಿ ರೊಕ್ಕಾ ಕೊಡತಾರೇನ್ರಿ?"

"ನೀ ಬರಿಯೋ ಮಾರಾಯಾ," ಅಂದ ಅಪ್ಪ. "ಕೊಡಲಿಲ್ಲಂದ್ರ ನೀನಽ ಬಂದು ನೋಡೀಯಂತ."

ಅಪ್ಪನಿಗೆ ಜಮಖಂಡಿಯ ಕಾಲೇಜೊಂದರಲ್ಲಿ ಪ್ರಯೋಗಶಾಲೆ ನೋಡಿಕೊಳ್ಳುವ ಕೆಲಸ. ಗಾಜಿನ ಬರಣಿಗಳಲ್ಲಿ ಸತ್ತ ಹಾವು, ಕಪ್ಪೆಗಳನ್ನು ನೋಡಿ ನೋಡಿ ಬೇಸತ್ತವನಿಗೆ ಬದುಕಿದ ಜೀವಗಳ ಹುಚ್ಚು ಹಿಡಿಯಿತು ಎಂದು ಅವ್ವ ಹೇಳುತ್ತಿದ್ದಳು. ನದಿಗೆ ಒಡ್ಡು ಕಟ್ಟಿದಮೇಲೆ ಹಿನ್ನೀರು ನಮ್ಮ ಹೊಲದ ಕೆಳಗಿನ ಬದುವಿನ ತನಕ ಬಂದು ನಿಂತಿತ್ತು. ಚಳಿಗಾಲದಲ್ಲಿ ಅಲ್ಲಿ ಎಲ್ಲೆಲ್ಲಿಂದಲೋ ಬಾತುಗಳು ಇಳಿಯುತ್ತಿದ್ದವು. ಉಳಿದವರು ಆ ನೀರಿಗೆ ಪಂಪು ಹಚ್ಚಿ ಕಬ್ಬು ಬೆಳೆದರು. ಅಪ್ಪ ಎರಡು ಎಕರೆಯಲ್ಲಿ ಪೇರಲ, ಚಿಕ್ಕು, ದಾಳಿಂಬೆ, ಹಿಪ್ಪುನೇರಳೆ ಹಚ್ಚಿದ. ಹಣ್ಣಿನಲ್ಲಿ ಅರ್ಧ ಹಕ್ಕಿ ತಿನ್ನುತ್ತಿದ್ದವು, ಉಳಿದರ್ಧ ನಾನು ತಿನ್ನುತ್ತಿದ್ದೆ. ಸುತ್ತಲೂ ಕಬ್ಬು, ನಡುವೆ ನಮ್ಮದೊಂದು ತೋಟ. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದರೆ ಕಬ್ಬಿನ ಹಾಲು ಕುದಿಯುವ ವಾಸನೆ ಕೋಣೆಯ ಹಾಸಿಗೆಯ ತನಕ ಬರುತ್ತಿತ್ತು. ಬಂದವರು ಮೂಗು ಅರಳಿಸಿ ಇದೇನು ಎಂದು ಕೇಳುತ್ತಿದ್ದರು.

ಬಂದವರನ್ನು ನಡೆಸಿಕೊಳ್ಳುವ ಬಗೆ ಅವ್ವನಿಗೆ ಕೊನೆಯ ತನಕ ಬರಲಿಲ್ಲ. ಬೋರ್ಡಿನಲ್ಲಿ ನಾಷ್ಟಾ ಎಂದಷ್ಟೇ ಇದ್ದರೂ ಅವಳು ಮಧ್ಯಾಹ್ನದ ರೊಟ್ಟಿ ಉಣ್ಣಿಸದೆ ಯಾರನ್ನೂ ಗೇಟು ದಾಟಲು ಬಿಡುತ್ತಿರಲಿಲ್ಲ. ಪುಣೆಯಿಂದ ಬಂದ ಗಂಡ ಹೆಂಡಿರಿಬ್ಬರು ಎಷ್ಟು ಗಂಟೆಗೆ ಕೋಣೆ ಬಿಡಬೇಕು ಎಂದು ಕೇಳಿದಾಗ ಅವ್ವ ಬಿಳಚಿಕೊಂಡಳು. "ನಾವೇನರ ತಪ್ಪ ಮಾಡಿದ್ವೇನ್ರಿ? ಈಗ ಬಂದೀರಿ, ಈಗಽ ಹೋಗೂ ಮಾತ್ಯಾಕ್ರಿ?" ಎಂದಳು. ಹೊರಡುವ ಹೆಂಗಸರಿಗೆಲ್ಲ ಅರಿಸಿನ ಕುಂಕುಮ, ಗುಳೇದಗುಡ್ಡದ ಕುಬಸದ ಖಣ, ಒಂದು ತೆಂಗಿನಕಾಯಿ. ದುಡ್ಡು ಕೊಟ್ಟು ಮಲಗಿದ ಹೆಂಗಸರು ಉಡಿ ತುಂಬಿಸಿಕೊಂಡು ಕಣ್ಣೊರೆಸಿಕೊಳ್ಳುತ್ತ ಹೋಗುತ್ತಿದ್ದರು. ಅಪ್ಪ ತಲೆ ಚಚ್ಚಿಕೊಂಡು ನಗುತ್ತಿದ್ದ.

ಬಾವಿಯ ವಿಷಯ ಹೇಳಲೇಬೇಕು. ತೋಟದ ಮೂಲೆಯಲ್ಲಿ ಅಜ್ಜನ ಕಾಲದ ಹಳೆಯ ಬಾವಿ. ಅದರ ದಂಡೆಯಲ್ಲಿ ಹುಟ್ಟಿದ ಒಂದು ಜಾಲಿಮರ ಬೆಳೆಯುತ್ತ ಬೆಳೆಯುತ್ತ ಪೂರಾ ನೀರಿನ ಮೇಲೆಯೇ ವಾಲಿಕೊಂಡಿತ್ತು. ಮುಂಗಾರಿನ ಎರಡು ಮಳೆ ಬಿದ್ದವೆಂದರೆ ಹಳದಿ ತಲೆಯ ಗೀಜಗಗಳು ಬಂದು ಅದರ ತುದಿಗಳಿಗೆ ಗೂಡು ಹೆಣೆಯಲು ಶುರು. ಪಕ್ಕದ ಹೊಲದ ಕಬ್ಬಿನ ಎಲೆಗೆ ಕೊಕ್ಕು ಹಾಕಿ, ಒಂದೇ ಉದ್ದಕ್ಕೆ ಸೀಳಿ, ಬಾಲದ ಹಾಗೆ ಎಳೆದುಕೊಂಡು ಹಾರಿ ಬರುತ್ತಿದ್ದವು. ಗಂಡು ಅರ್ಧ ಗೂಡು ಹೆಣೆದು ಜೋತುಬಿದ್ದು ಕೂಗುತ್ತದೆ. ಹೆಣ್ಣು ಬಂದು ನೋಡಿ ಮೆಚ್ಚಿದರೆ ಉಳಿದರ್ಧ, ಇಲ್ಲವಾದರೆ ಬೇರೆ ಗೂಡು. ಅಪ್ಪ, ನಾನು ಬಾವಿಯ ಮೆಟ್ಟಿಲ ಮೇಲೆ ಕುಳಿತು ಎಣಿಸುತ್ತಿದ್ದೆವು. ಒಂದು ವರ್ಷ ಮೂವತ್ತು ದಾಟಿತ್ತು. ಆ ಮರಕ್ಕೆ ಅಪ್ಪ ಒಂದೇ ಒಂದು ಕಟ್ಟಳೆ ಹಾಕಿದ್ದ. "ದಸರಾ ತನಕ ಬಾವಿ ಜಾಲಿಗೆ ಯಾರೂ ಕೈ ಹಚ್ಚಬಾರದು. ಉರವಲಿಗಿಲ್ಲ, ಬೇಲಿಗಿಲ್ಲ, ಏನಕ್ಕೂ ಇಲ್ಲ. ತಿಳೀತಿಲ್ಲೋ?" ನನಗೆ ತಿಳಿದಿತ್ತು.

ನನಗೆ ಹತ್ತು ವರ್ಷವಾದ ವರ್ಷ, ಹೋಳಿಹುಣ್ಣಿಮೆ ಆದ ವಾರ, ಮುಂಜಾನೆ ಮೋಟಾರ್‌ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋದ ಅಪ್ಪ ಮಧ್ಯಾಹ್ನ ಆಂಬುಲೆನ್ಸಿನಲ್ಲಿ ಬಂದ. ಕುರ್ಚಿಯ ಮೇಲೆ ಕುಳಿತಲ್ಲೇ ಎದೆ ನಿಂತಿತ್ತಂತೆ. ನಾನು ಅಳಲಿಲ್ಲ. ಹೆಂಗಸರು ಒಬ್ಬರಾದಮೇಲೆ ಒಬ್ಬರು ನನ್ನನ್ನು ಎದೆಗವಚಿಕೊಂಡು "ಅಳವಾ ಗೌರೀ, ಅತ್ತು ಬಿಡವಾ" ಎಂದು ಬೆನ್ನು ತಟ್ಟಿದರು. ನನಗೆ ಅವರ ಸೀರೆಯ ವಾಸನೆ ಬರುತ್ತಿತ್ತು, ಅಷ್ಟೇ. ಕೈಗೆ ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಜೋಮು ಸ್ವಲ್ಪ ಹೊತ್ತಿಗೆ ಬಿಡುತ್ತದೆ. ಇದು ಬಿಡಲಿಲ್ಲ. ಆ ಬೇಸಿಗೆ ಹೇಗೆ ಹೋಯಿತು, ಶಾಲೆ ಯಾವಾಗ ಶುರುವಾಯಿತು, ನೆನಪಿಲ್ಲ. ಮಾವಿನಹಣ್ಣು ತಿಂದದ್ದು ನೆನಪಿದೆ, ಅದರ ರುಚಿ ನೆನಪಿಲ್ಲ.

ಅವ್ವ ಕೋಣೆಗಳನ್ನು ಮುಚ್ಚಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನವೇ ಬನಹಟ್ಟಿಯ ದಪ್ಪ ಚಾದರಗಳನ್ನು ಕುದಿಯುವ ನೀರಿಗೆ ಹಾಕಿ ಒಗೆದು ಹಗ್ಗದ ಮೇಲೆ ಹರವಿದಳು. ಅಪ್ಪನ ಮೊಬೈಲು ಸೆರಗಿನ ಗಂಟಿಗೆ ಬಂತು. ಹಕ್ಕಿಯವರೆಲ್ಲ ಆ ನಂಬರಿಗೇ ಫೋನು ಮಾಡುತ್ತಿದ್ದರು. ಅವ್ವ ಎತ್ತಿ ಮೊದಲು "ಅವರು ಇಲ್ರಿ" ಎನ್ನುತ್ತಿದ್ದಳು. ಆಮೇಲೆ "ನೀವು ಬರ್ರಿ, ಖೋಲಿ ಖಾಲಿ ಐತಿ" ಎನ್ನುತ್ತಿದ್ದಳು. ಉಡಿ ತುಂಬುವುದು ನಿಂತಿತ್ತು, ಏಕೆಂದರೆ ಅವಳು ಕುಂಕುಮದ ಬಟ್ಟಲು ಮುಟ್ಟುವಂತಿರಲಿಲ್ಲ. ಸ್ವಲ್ಪ ದಿನ ನೋಡಿ ಆ ಕೆಲಸವನ್ನು ನನಗೆ ಹಚ್ಚಿದಳು. ಹತ್ತು ವರ್ಷದ ಹುಡುಗಿ ಸ್ಟೂಲಿನ ಮೇಲೆ ನಿಂತು ಊರೂರಿನ ಹೆಂಗಸರ ಹಣೆಗೆ ಕುಂಕುಮ ಹಚ್ಚುತ್ತಿದ್ದೆ. ಅವ್ವ ಬಾಗಿಲ ಹಿಂದೆ ನಿಂತು "ತೆಂಗಿನಕಾಯಿ ಮರೀಬ್ಯಾಡ" ಎಂದು ಪಿಸುಗುಡುತ್ತಿದ್ದಳು.

ಅಪ್ಪನ ತಮ್ಮ, ನನ್ನ ಈರಣ್ಣ ಕಾಕಾ, ಊರೊಳಗಿನ ಮನೆಯಲ್ಲಿದ್ದ. ಕಬ್ಬಿನ ಮನುಷ್ಯ. ನಿಂತರೆ ಕಬ್ಬು, ಕುಂತರೆ ಕಬ್ಬು. ಹಕ್ಕಿ ಅಂದರೆ ಅವನಿಗೆ ಜೋಳದ ತೆನೆ ಹಾಳು ಮಾಡುವ ಪೀಡೆ, ಕವಣೆಯಲ್ಲಿ ಕಲ್ಲಿಟ್ಟು ಓಡಿಸಬೇಕಾದದ್ದು. ಅಣ್ಣನ ಹುಚ್ಚನ್ನು ಅಣ್ಣ ಇರುವಷ್ಟು ದಿನ ಸಹಿಸಿಕೊಂಡಿದ್ದ. ಮಳೆಗಾಲ ಶುರುವಾಗುವ ಹೊತ್ತಿಗೆ ಬಂದು ಪಡಸಾಲೆಯಲ್ಲಿ ಕುಳಿತು ಹೇಳಿದ.

"ವೈನಿ, ನೀ ಸಿಟ್ಟಾಗಬ್ಯಾಡ. ದೀಪಾವಳಿ ತನಕ ನೋಡೂಣು. ಮಂದಿ ಬಂದ್ರ ನಡಸು, ನಾ ಅಡ್ಡ ಬರೂದಿಲ್ಲ. ಬರಲಿಲ್ಲಂದ್ರ ತ್ವಾಟ ತಗದು ಕಬ್ಬು ಹಚ್ಚೂಣು. ಖಾಲಿ ಖೋಲಿ ಕಾಯಕೊಂತ ಎಷ್ಟ ದಿನಾ ಕುಂದರ್ತಿ?"

"ಆಗಲಿ ಈರಣ್ಣಾ, ದೀಪಾವಳಿ ತನಕ," ಎಂದಳು ಅವ್ವ. ಅವನು ಹೋದಮೇಲೆ ಅವಳು ತೋಟದ ಪ್ರತಿ ಗಿಡದ ಬುಡಕ್ಕೂ ಹೋಗಿ ನಿಂತು ಬಂದಳು. ಅಪ್ಪ ಇದ್ದಾಗ ಅವಳು ಅಷ್ಟು ತಿರುಗಿದ್ದನ್ನು ನಾನು ನೋಡಿರಲಿಲ್ಲ. ಅಪ್ಪನದು ಎಂದು ಅವಳ ಪಾಲಿಗೆ ಉಳಿದದ್ದು ಆ ತೋಟ ಒಂದೇ.

ಶ್ರಾವಣ ಹಿಡಿದ ವಾರ ಧಾರವಾಡದಿಂದ ಫೋನು ಬಂತು. ಪರೀಕ್ಷೆ ನಡೆಸಲು ಅಪ್ಪನ ಕಾಲೇಜಿಗೆ ಬರುತ್ತಿದ್ದ ಒಬ್ಬ ಹಿರಿಯ ಮಾಸ್ತರರು. ನಮ್ಮ ಮನೆಯಲ್ಲಿ ಅವರಿಗೆ ಹಕ್ಕಿ ಮಾಸ್ತರು ಎಂದೇ ಹೆಸರು. ನಿವೃತ್ತರಾಗಿದ್ದರೂ ಚಳಿಗಾಲದಲ್ಲಿ ವಿದ್ಯಾರ್ಥಿಗಳ ದೊಡ್ಡ ತಂಡ ಕಟ್ಟಿಕೊಂಡು ಕೆರೆ ಹಿನ್ನೀರು ಎಂದು ಅಲೆಯುತ್ತಿದ್ದರು. ಬಾವಿಯ ಮೇಲಿನ ಗೂಡುಗಳ ವಿಷಯವನ್ನು ಅಪ್ಪ ಅವರಿಗೆ ಉದ್ದದ ಕಾಗದ ಬರೆದು ತಿಳಿಸಿದ್ದನಂತೆ. ಅದನ್ನು ನೋಡಲು ಈಗ ಬರುತ್ತೇನೆ, ಸ್ಥಳ ಹಿಡಿಸಿದರೆ ಈ ವರ್ಷದಿಂದ ತಂಡವನ್ನು ಪ್ರತಿ ಚಳಿಗಾಲಕ್ಕೂ ಇಲ್ಲಿಗೇ ತರುತ್ತೇನೆ ಎಂದರು. ಅವ್ವ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಬರ್ರಿ ಸರ, ನಿಮ್ಮ ಮನಿ ಐತಿ. ಏನಂದ್ರಿ? ಮಣಕಾಲ ನೋಯತಾವೇನ್ರಿ? ಆಗಲ್ರಿ, ಬಾವಿ ತನಕ ಮೆಲ್ಲಕ ಕೈ ಹಿಡದು ಕರಕೊಂಡ ಹೋಗತೇವ್ರಿ."

ಫೋನು ಇಟ್ಟು ಗೋಡೆಗೆ ಒರಗಿ ಕುಳಿತಳು. ತಂಡ ಬಂದರೆ ತೋಟ ಉಳಿಯಿತು. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅಂದು ರಾತ್ರಿಯ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು.

ನಾಗರ ಪಂಚಮಿಯ ಹಿಂದಿನ ದಿನ ಮಾಸ್ತರು ಬರುವುದೆಂದಾಯಿತು. ಊರ ತುಂಬ ಆಗಲೇ ಜೋಕಾಲಿ ಕಟ್ಟಿದ್ದರು. ಬೇವಿನ ಮರದ ಕೆಳಗೆಲ್ಲ ಹುಡುಗಿಯರ ಕಿರುಚಾಟ, ಮನೆಮನೆಯಲ್ಲೂ ಅಳ್ಳು ಹುರಿಯುವ ವಾಸನೆ. ಸಾವಾದ ಮನೆಯಲ್ಲಿ ಮೊದಲ ವರ್ಷ ಜೋಕಾಲಿ ಕಟ್ಟುವುದಿಲ್ಲ, ಉಂಡಿಯನ್ನೂ ಕಟ್ಟುವುದಿಲ್ಲ. ಗೆಳತಿಯರು ಕರೆದರೂ ನಾನು ಹೋಗಲಿಲ್ಲ. ಹೋಗಬೇಕು ಅನ್ನಿಸಲೂ ಇಲ್ಲ. ಅವ್ವ ಮುಂಜಾನೆ ಎದ್ದು ಪಡಸಾಲೆ ಸಾರಿಸಿ, ಶೇಂಗಾ ಹಿಂಡಿ ಕುಟ್ಟಿಟ್ಟು, ಕಾಯಿಪಲ್ಲೆ ತರಲು ಬೀಳಗಿಗೆ ಹೋದಳು. ಬರುವಾಗ ಬಸ್‌ ಸ್ಟ್ಯಾಂಡಿನಿಂದ ಮಾಸ್ತರರನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಬರುವವಳಿದ್ದಳು.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಕಾಕಾ ಬಂದ. ಹಬ್ಬವಿಲ್ಲದ ಮನೆಗೆ ಬಂಧುಬಳಗದವರು ಉಂಡಿ ತಂದುಕೊಡಬೇಕು. ಅವನ ಕೈಯಲ್ಲಿ ಸ್ಟೀಲಿನ ಡಬ್ಬಿ ಇತ್ತು. ನನ್ನ ಮುಂದೆ ಡಬ್ಬಿ ತೆರೆದ. ಶೇಂಗಾ ಉಂಡಿ, ಅಳ್ಳಿಟ್ಟು, ಬೆಲ್ಲದ ಪಾಕದ ಘಮ.

"ತಿನ್ನಬೇ. ನಿಮ್ಮವ್ವ ಎಲ್ಲಿ?"

"ಬೀಳಗಿಗೆ ಹೋಗ್ಯಾಳ. ಹಕ್ಕಿ ಮಾಸ್ತರನ್ನ ಕರಕೊಂಡ ಬರತಾಳ."

"ಅವರು ಯಾವ ಹಕ್ಕಿ ನೋಡಾಕ ಬರಾಕತ್ತಾರ?"

"ಹಕ್ಕಿ ಅಲ್ಲ ಕಾಕಾ, ಬಾವಿ ಮ್ಯಾಲಿನ ಗೀಜಗನ ಗೂಡು. ಆದ್ರ ಅವರ ಮಣಕಾಲು ನೋಯತಾವಂತ. ಬಾವಿ ತನಕ ಹೆಂಗ ಬರತಾರೋ ಅಂತ ಅವ್ವ ಚಿಂತಿ ಮಾಡಾಕತ್ತಿದ್ಳು."

ಕಾಕಾ ಬಾವಿಯ ಕಡೆ ನೋಡಿದ. ದಾರಿಯ ಎರಡೂ ಕಡೆ ಮುಳ್ಳುಗಂಟಿ, ಮಳೆಗೆ ಜಾರುವ ಎರಿಮಣ್ಣು. ನಮ್ಮಲ್ಲಿ ಪಾವಣೇರು, ಅಂದರೆ ಅತಿಥಿಗಳು, ಬಂದರೆಂದರೆ ಕಾಲಿಗೆ ನೀರು ಅವರಿದ್ದಲ್ಲಿಗೇ ಬರಬೇಕು, ಚಹಾ ಅವರಿದ್ದಲ್ಲಿಗೇ ಬರಬೇಕು, ಎಲೆ ಅಡಿಕೆಯ ತಟ್ಟೆ ಕೂಡ ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇಡಬೇಕು. ಅವರೇ ಎದ್ದು ಹೋಗಿ ಒಂದು ಲೋಟ ತೆಗೆದುಕೊಂಡರೂ ಮನೆಯವರ ಮುಖ ಕೆಳಗಾಗುತ್ತದೆ. ಈ ರೀತಿಯಲ್ಲಿ ಬೆಳೆದ ಮನುಷ್ಯ ಕಾಕಾ. ಅವನು ಟೊಪ್ಪಿಗೆ ತೆಗೆದು ಮೊಳೆಗೆ ಹಾಕಿದ.

"ಪಾವಣೇರು ಮುಳ್ಳಾಗ ಯಾಕ ಅಡ್ಡಾಡಬೇಕು? ಕುಂತಲ್ಲೇ ತೋರ್ಸಿದ್ರಾತು. ಬುಟ್ಟಿ ತಗೊಂಡ ಬಾರವಾ ಗೌರಿ."

ನಾನು ಬುಟ್ಟಿ ತಂದೆ.

ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಕೋಪ ಬರಬೇಕು. ಬರುವುದಿಲ್ಲ. ದಸರೆಯ ತನಕ ಕೈ ಹಚ್ಚಬಾರದು ಎಂಬ ಮಾತು ನನ್ನ ಗಂಟಲ ತನಕ ಬಂದಿತ್ತು. ಒಂದು ಮಾತು, ನಾಲ್ಕು ಶಬ್ದ. "ಕಾಕಾ, ಅಪ್ಪ ಬ್ಯಾಡ ಅಂದಿದ್ದ" ಎಂದಿದ್ದರೂ ಸಾಕಿತ್ತು, ಅವನು ಅಣ್ಣನ ಮಾತು ಮೀರುತ್ತಿರಲಿಲ್ಲ. ಆದರೆ ಅವನು ಪಂಚೆ ಮೇಲೆ ಕಟ್ಟಿ, ಆ ವಾಲಿದ ಮರದ ಮೇಲೆ ಕೋತಿಯಂತೆ ಏರಿ, ಮೊದಲ ಗೂಡನ್ನು ಕುಡಗೋಲಿನಿಂದ ಕೊಯ್ದು ಮೇಲೆತ್ತಿ ಹಿಡಿದು ನಕ್ಕ. ಅಪ್ಪ ಹೋದಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಅಣ್ಣ ತಮ್ಮಂದಿರ ಮುಖ ಬೇರೆ, ನಡಿಗೆ ಬೇರೆ, ನಗು ಮಾತ್ರ ಒಂದೇ ಇತ್ತು ಎಂದು ನನಗೆ ಅಂದೇ ಗೊತ್ತಾದದ್ದು. ನಾನು ಬುಟ್ಟಿ ಹಿಡಿದು ಆ ನಗು ಕೇಳುತ್ತ ನಿಂತೆ.

"ಹಿಡೀಬೇ! ನೀರಾಗ ಬಿದ್ದೀತು!"

ಒಂದೊಂದಾಗಿ ಬಂದವು. ಹೊಸ ಗೂಡುಗಳು ಹಸಿರಾಗಿದ್ದವು, ಕಬ್ಬಿನ ಎಲೆಯ ಹಸಿ ವಾಸನೆ. ಹಳೆಯವು ಒಣಗಿ ಕಂದಾಗಿದ್ದವು. ಮೇಲೆ ಹಕ್ಕಿಗಳು ಒಂದೇ ಸಮನೆ ಚೀರುತ್ತ ಸುತ್ತುತ್ತಿದ್ದವು. ಕೆಲವು ಗೂಡು ಕೈಗೆ ಬೆಚ್ಚಗೆ ತಾಗಿದವು. ಒಂದರ ಒಳಗಿಂದ ಸಣ್ಣ ಸದ್ದು ಬರುತ್ತಿತ್ತು. ಕಾಕಾ ಕಿವಿಗೊಟ್ಟು ಕೇಳಿದ.

"ಒಳಗ ಮರಿ ಅದಾವ ನೋಡ. ಛಲೋ ಆತು, ಮಾಸ್ತರು ಮರೀನೂ ನೋಡತಾರ."

ಅದು ಕೇಡಿಗತನದ ಮಾತಲ್ಲ. ನನ್ನಾಣೆ, ಅವನ ಕಣ್ಣು ಸಂತೋಷದಿಂದ ತುಂಬಿತ್ತು.

ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ಹಗ್ಗ ಕಟ್ಟಿ, ಮಾವಿನೆಲೆಯ ತೋರಣದಂತೆ ಒಂದರ ಪಕ್ಕ ಒಂದು ಗೂಡು ಇಳಿಬಿಟ್ಟ. ಒಟ್ಟು ಇಪ್ಪತ್ತೆಂಟು. ಅವುಗಳ ಕೆಳಗೆ ಹೊರಸು ಹಾಕಿ ಜಮಖಾನೆ ಹಾಸಿದ. ಹಿಂದೆ ಸರಿದು ನಿಂತು ನೋಡಿ, ಒಂದು ಗೂಡು ವಾರೆಯಾಗಿದೆ ಎಂದು ಮತ್ತೆ ಸರಿಮಾಡಿದ. ಅವನ ಎರಡೂ ಮುಂಗೈ ಮುಳ್ಳು ಗೀರಿ ರಕ್ತವಾಗಿದ್ದವು.

ಟಂಟಂ ಗೇಟಿನ ಹತ್ತಿರ ನಿಂತಿತು. ಮುಂದೆ ಅವ್ವ, ಹಿಂದೆ ಕೊರಳಿಗೆ ದುರ್ಬೀನು ಹಾಕಿಕೊಂಡ ತೆಳ್ಳನೆಯ ಮುದುಕರು, ಕೋಲೂರುತ್ತ. ಪೇರಲ ಗಿಡದ ತನಕ ಅವ್ವ ಮಾತಾಡುತ್ತ ಬಂದಳು. ಅಲ್ಲಿ ಅವಳಿಗೆ ಪಡಸಾಲೆ ಕಂಡಿತು. ಕಾಯಿಪಲ್ಲೆಯ ಚೀಲವನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡಳು. ಮತ್ತೆ ಎಡಗೈಯಿಂದ ಬಲಗೈಗೆ. ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಬರ್ರಿ ಸರ, ಬರ್ರಿ!" ಕಾಕಾ ಎದುರು ಹೋಗಿ ಕೈ ಹಿಡಿದ. "ಮಣಕಾಲ ನೋವಂತ ಹೇಳಿದ್ರು. ಬಾವಿ ತನಕ ಯಾಕ ತ್ರಾಸ ಅಂತ ಇಲ್ಲೇ ತಂದೇನ್ರಿ. ಕುಂತ ನೋಡ್ರಿ, ಆರಾಮ ನೋಡ್ರಿ. ಇದರಾಗ ಮರಿ ಅದಾವ್ರಿ."

ಮಾಸ್ತರು ಹೊರಸಿನ ಮೇಲೆ ಕುಳಿತರು. ತಲೆಯ ಮೇಲೆ ಗೂಡುಗಳು ಸಣ್ಣಗೆ ತೂಗುತ್ತಿದ್ದವು. ಬಹಳ ಹೊತ್ತು ಏನೂ ಅನ್ನಲಿಲ್ಲ. ಕಾಕಾನ ಕೈ ನೋಡಿದರು.

"ಯಾವಾಗ ತಗದ್ರಿ ಇವನ್ನ?"

"ಇವತ್ತ ಮುಂಜಾನೆ ರೀ. ತಾಜಾ ಅದಾವ."

"ಭಾಳ ತ್ರಾಸ ತಗೊಂಡೀರಿ," ಎಂದರು ಮಾಸ್ತರು.

"ತ್ರಾಸ ಎಂಥಾದ್ರಿ! ನೀವು ನಮ್ಮ ಅಣ್ಣನ ಮಂದಿ."

ಅವ್ವ ಒಳಗೆ ಹೋಗಿ ಅರಿಸಿನ ಎಣ್ಣೆ ತಂದು ಕಾಕಾನ ಕೈಗೆ ಹಚ್ಚಿದಳು. ಮುಳ್ಳು ಮುರಿದು ಒಳಗೇ ಉಳಿದದ್ದನ್ನು ಸೂಜಿಯಿಂದ ತೆಗೆದಳು. ಅವನು ಸಣ್ಣ ಹುಡುಗನಂತೆ ಕೈ ಚಾಚಿ ಕುಳಿತಿದ್ದ. ಆಮೇಲೆ ಎಲ್ಲರಿಗೂ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಮಾಸ್ತರು ತಲೆ ತಗ್ಗಿಸಿ ಎರಡು ರೊಟ್ಟಿ ಪೂರಾ ತಿಂದರು. ಉಣ್ಣುವಾಗ ಒಂದು ಹೆಣ್ಣು ಗೀಜಗ ಅಂಗಳದ ತಂತಿಯ ಮೇಲೆ ಬಂದು ಕುಳಿತಿತು. ಕೊಕ್ಕಿನಲ್ಲಿ ಏನೋ ಹುಳ ಇತ್ತು. ಕುಳಿತು, ಎದ್ದು, ಮತ್ತೆ ಕುಳಿತು, ಕಾಕಾ "ನೋಡ್ರಿ, ಹಕ್ಕೀನೂ ಬಂತು!" ಎಂದು ಕೈ ಎತ್ತಿದ ಕೂಡಲೇ ಹಾರಿಹೋಯಿತು.

ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಬರುತ್ತೇನೆ ಎಂದು ನಾಲ್ಕು ಸಲ ಹೇಳಿ ಕಾಕಾ ಊರಿಗೆ ಹೋದ. ಅವನ ಬೆನ್ನು ಮರೆಯಾಗುವುದನ್ನೇ ಕಾಯುತ್ತಿದ್ದವರಂತೆ ಮಾಸ್ತರು ಎದ್ದರು.

"ಬೆಚ್ಚಗಿದ್ದ ಗೂಡು ಯಾವ್ಯಾವು, ನಿನಗ ನೆನಪದ ಏನು ತಂಗೀ?"

ನೆನಪಿತ್ತು. ಏಳು. ನಾನು ಒಂದೊಂದನ್ನೂ ಮುಟ್ಟಿ ತೋರಿಸಿದೆ. ಅವ್ವ ಹೂ ಕಟ್ಟುವ ದಾರದ ಉಂಡೆ ತಂದಳು. ನೋಯುವ ಮೊಣಕಾಲಿನ ಮಾಸ್ತರು ಮುಳ್ಳುದಾರಿಯಲ್ಲಿ ಬಾವಿಯ ತನಕ ನಡೆದೇ ಬಂದರು. ಅವ್ವ ಸೀರೆಯ ಕಚ್ಚೆ ಹಾಕಿ ಜಾಲಿ ಏರಿದಳು. ಅವಳು ಮರ ಏರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾಸ್ತರು ಕೆಳಗಿನಿಂದ ಎತ್ತ, ಹೇಗೆ ಎಂದು ಹೇಳಿದರು, ನಾನು ಗೂಡು ಎತ್ತಿ ಕೊಟ್ಟೆ, ಅವ್ವ ಕಟ್ಟಿದಳು. ಸೂರ್ಯ ಮುಳುಗುವ ಹೊತ್ತಿಗೆ ಏಳೂ ಗೂಡು ತೂಗುತ್ತಿದ್ದವು. ಬಿಳಿ ದಾರ ದೂರದಿಂದಲೂ ಕಾಣುತ್ತಿತ್ತು.

"ಬರತಾವೇನ್ರಿ ತಿರಗಿ?" ಎಂದು ಅವ್ವ ಮರದ ಮೇಲಿಂದಲೇ ಕೇಳಿದಳು.

"ನೋಡೂಣು," ಎಂದರು ಮಾಸ್ತರು. ಆಮೇಲೆ, ಯಾರನ್ನೂ ನೋಡದೆ, "ದಸರಾ ತನಕ ಯಾರಿಗೂ ಮುಟ್ಟಗೊಡೂದಿಲ್ಲ ಅಂತ ಬರದಿದ್ದ ನೋಡ್ರಿ ಅವ ನನಗ," ಎಂದರು.

ಅವ್ವ ಇಳಿದಳು. ನನ್ನನ್ನು ಏನೂ ಕೇಳಲಿಲ್ಲ.

ಮರುದಿನ ಪಂಚಮಿ. ನಸುಕಿನಲ್ಲಿ ಮಾಸ್ತರು, ನಾನು ಬಾವಿಯ ಮೆಟ್ಟಿಲ ಮೇಲೆ ಕುಳಿತೆವು. ಊರ ಕಡೆಯಿಂದ ಹುಡುಗಿಯರ ಜೋಕಾಲಿ ಹಾಡು ಕೇಳುತ್ತಿತ್ತು. ಹಕ್ಕಿ ಬಂದವು. ಖಾಲಿ ತುದಿಗಳ ಸುತ್ತ ಹಾರಿದವು. ದಾರ ಕಟ್ಟಿದ ಗೂಡುಗಳ ಹತ್ತಿರ ಒಂದೂ ಇಳಿಯಲಿಲ್ಲ. ಬಿಸಿಲೇರಿದಮೇಲೆ ಗೂಡುಗಳ ಒಳಗಿನ ಸದ್ದೂ ನಿಂತಿತು. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಅಳು ಬರಲಿಲ್ಲ. ಅಳು ಬರಲಿ ಎಂದು ಕಾಯ್ದೆ, ಅದು ಮಾತ್ರ ನಿಜ.

ಮಧ್ಯಾಹ್ನದ ಬಸ್ಸಿಗೆ ಅವರು ಹೊರಟರು. ಅವ್ವ ಶಾಲು, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು ನಿಂತಳು. ಮಾಸ್ತರು ಕಾಯಿ ತೆಗೆದುಕೊಂಡು ಹೇಳಿದರು, "ನಿಮ್ಮ ಮೈದುನರಿಗೆ ಏನೂ ಅನ್ನಬ್ಯಾಡ್ರಿ. ಅವರು ಮನಸಿನಿಂದ ಮಾಡ್ಯಾರ."

"ಇಲ್ರೀ ಸರ," ಎಂದಳು ಅವ್ವ. ಅವಳು ಆ ಮಾತು ಉಳಿಸಿಕೊಂಡಳು.

ಆ ವರ್ಷ ಗೀಜಗಗಳು ಮತ್ತೆ ಕಟ್ಟಲಿಲ್ಲ. ಕಾಕಾ ಮಾತ್ರ ಬದಲಾದ. ಧಾರವಾಡದ ದೊಡ್ಡ ಮಾಸ್ತರು ತನ್ನ ಕೈಯ ಕೆಲಸ ನೋಡಿ ಮಾತೇ ಹೊರಡದೆ ಕುಳಿತುಬಿಟ್ಟರು ಎಂದು ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನವರ ಮುಂದೆ ಹೇಳಿದ. ಹೇಳುತ್ತ ಹೇಳುತ್ತ ಇಪ್ಪತ್ತೆಂಟು ಗೂಡು ಐವತ್ತಾದವು. ಯಾರಾದರೂ ಹಕ್ಕಿಯವರು ಬಂದರೆ ತಾನೇ ಟಂಟಂ ಕಳಿಸುತ್ತಿದ್ದ. ದಸರೆ ಮುಗಿದ ವಾರ ಒಂದು ಸಂಜೆ ಅಪ್ಪನ ಮೊಬೈಲು ರಿಂಗಾಯಿತು. ಅವ್ವ ಸೆರಗಿನಿಂದ ತೆಗೆದು ನೋಡಿದಳು. ಅಪ್ಪನೇ ತುಂಬಿಸಿಟ್ಟಿದ್ದ ಹೆಸರು ಮಿನುಗುತ್ತಿತ್ತು, ಹಕ್ಕಿ ಮಾಸ್ತರು. ಅವಳು ಎತ್ತಲಿಲ್ಲ. ಅದು ನಿಂತು ಮತ್ತೆ ರಿಂಗಾಯಿತು. ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬದ ಮೇಲೆ ಅಂಗಾತ ಇಟ್ಟು, ರೊಟ್ಟಿ ಬಡಿಯಲು ಕುಳಿತಳು.

"ಎತ್ತವಾ," ಎಂದೆ ನಾನು.

"ಯಾವ ಬಾಯಿಲೆ ಮಾತಾಡ್ಲಿ?" ಎಂದಳು. ಮೂರನೆಯ ಸಲ ರಿಂಗಾಗಲಿಲ್ಲ.

ದೀಪಾವಳಿಯ ಪಾಡ್ಯದ ದಿನ ಕಾಕಾ ಹೊಸ ಪಂಚೆ ಉಟ್ಟು ಬಂದ.

"ವೈನಿ, ಕಬ್ಬಿನ ಮಾತು ನಾ ಬಿಟ್ಟೆ. ತ್ವಾಟ ಇರಲಿ. ಮಂದಿಗೆ ರುಚಿ ಹತ್ತೈತಿ. ಮುಂದಿನ ಪಂಚಮಿಗೆ ಖೋಲಿಗೊಂದು ಸಾಲು ಗೂಡು ಕಟ್ಟತೇನಿ, ನೀ ನೋಡ."

ಅವ್ವ ಚಹಾದ ಕಪ್ಪು ಕೊಟ್ಟಳು. "ಬ್ಯಾಡ ಈರಣ್ಣಾ. ಕಬ್ಬು ಹಚ್ಚು."

"ಆಂ?"

"ಸಾಕಾತು. ಕಬ್ಬು ಹಚ್ಚು."

"ಅಲ್ಲಾ, ನಾ ಬ್ಯಾಡಂದಾಗ ನೀ ಬೇಕಂದಿ. ನಾ ಹೂಂ ಅಂದಾಗ ನೀ ಬ್ಯಾಡ ಅಂತಿ. ಏನಾತ ವೈನಿ? ನನ್ನಿಂದ ಏನರ ತಪ್ಪಾತೇನು?"

"ನಿನ್ನಿಂದ ಏನ ತಪ್ಪಾಕ್ಕೈತಿ," ಎಂದಳು ಅವ್ವ. "ಕೈಲೆ ಆಗವಲ್ದು, ಅಷ್ಟ."

ಕಾರಣ ಹೇಳಿದ್ದರೆ ತೋಟ ಉಳಿಯುತ್ತಿತ್ತು, ಕಾಕಾ ಉಳಿಯುತ್ತಿರಲಿಲ್ಲ. ಅಣ್ಣನ ಮಾತನ್ನು ತಾನೇ ಮುರಿದೆ ಎಂದು ಗೊತ್ತಾದರೆ ಅವನು ನಮ್ಮ ಅಂಗಳಕ್ಕೆ ಮತ್ತೆ ಕಾಲಿಡುವವನಲ್ಲ. ಅವ್ವ ಒಂದನ್ನು ಆರಿಸಿಕೊಂಡಳು. ಗೇಟಿನ ಹತ್ತಿರ ಕಾ‌ಕಾ ನನ್ನನ್ನು ನಿಲ್ಲಿಸಿ ಕೇಳಿದ, "ಖರೆ ಹೇಳು, ಯಾಕ ಬ್ಯಾಡ ಅಂದ್ಳು ನಿಮ್ಮವ್ವ?" "ಗೊತ್ತಿಲ್ಲ ಕಾಕಾ," ಎಂದೆ. ಎರಡನೆಯ ಸಲ ಸುಮ್ಮನಿದ್ದದ್ದು ಅದು. ಚಳಿಗಾಲ ಮುಗಿಯುವ ಮೊದಲು ಗಿಡಗಳನ್ನು ಕಿತ್ತರು. ಬೇರು ಎಳೆಯುವ ಯಂತ್ರ ಬಂದಾಗ ನಾನು ಕಿಟಕಿಯಿಂದ ನೋಡುತ್ತ ಗಣಿತದ ಮನೆಪಾಠ ಬರೆದೆ. ಲೆಕ್ಕಗಳೆಲ್ಲ ಸರಿಯಾಗಿದ್ದವು.

ಈಗ ನಾನು ಜಮಖಂಡಿಯ ಸರಕಾರಿ ಕಚೇರಿಯೊಂದರಲ್ಲಿ ನೌಕರಿ ಮಾಡುತ್ತೇನೆ. ಅವ್ವ ನನ್ನ ಜೊತೆ ಇದ್ದಾಳೆ. ಈಗ ನಮ್ಮ ಕಡೆಯೂ ಜನ ದುಡ್ಡು ಕೊಟ್ಟು ತೋಟದ ಮನೆಗಳಲ್ಲಿ ಇರುತ್ತಾರೆ, ರೊಟ್ಟಿ ಬಡಿಯುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಾರೆ, ಯಾರೂ ನಗುವುದಿಲ್ಲ. ನಮ್ಮ ಎರಡು ಎಕರೆ ಕಬ್ಬಾಗಿದೆ, ಬಾವಿಗೆ ಮಣ್ಣು ಬಿದ್ದಿದೆ. ಮುಂಗಾರಿನಲ್ಲಿ ಹೋದರೆ ಗೀಜಗಗಳು ಬಂದು ಎಲೆ ಸೀಳುವುದು ಕಾಣುತ್ತದೆ. ಎಲೆಯನ್ನು ಎಳೆದುಕೊಂಡು ಎಲ್ಲಿಗೋ ದೂರ ಹಾರಿ ಹೋಗುತ್ತವೆ. ಇದೆಲ್ಲ ಹೋಯಿತಲ್ಲ ಎಂದು ಕೇಳಿದವರ ಮುಂದೆ ನಾನೂ ಹೌದು ಹೌದು ಎನ್ನುತ್ತೇನೆ. ಎದೆಯಲ್ಲಿ ಏನೂ ಅಲುಗುವುದಿಲ್ಲ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಕಾಕಾ ತೀರಿಕೊಂಡ. ಮಣ್ಣು ಕೊಟ್ಟು ಬಂದು ಅಂಗಳದಲ್ಲಿ ಕುಳಿತಾಗ ಜನ ಅವನ ಗುಣಗಾನ ಶುರುಮಾಡಿದರು. ಒಬ್ಬರು ಗೂಡುಗಳ ಕಥೆ ತೆಗೆದರು. ಪಾವಣೇರಿಗೆ ತ್ರಾಸ ಆಗಬಾರದೆಂದು ಜೀವದ ಹಂಗು ತೊರೆದು ಬಾವಿಯ ಮೇಲಿನ ಮರ ಏರಿದ್ದು, ಪಡಸಾಲೆಗೇ ಹಕ್ಕಿಯ ಊರು ತಂದಿದ್ದು. ಹೊಸ ತಲೆಮಾರಿನ ಹುಡುಗನೊಬ್ಬ ನನ್ನ ಕಡೆ ತಿರುಗಿ "ಖರೇನಽ ಅಕ್ಕಾರ?" ಎಂದು ಕೇಳಿದ. "ಖರೆ," ಎಂದೆ. "ಎರಡೂ ಕೈಯಿಗೆ ರಕ್ತ ಬಂದಿತ್ತು. ನಾ ಬುಟ್ಟಿ ಹಿಡದಿದ್ದೆ." ಬಾಗಿಲಲ್ಲಿ ಕುಳಿತಿದ್ದ ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಅಂದು ಪೇರಲ ಗಿಡದ ಹತ್ತಿರ ನಿಂತು ನೋಡಿದಮೇಲೆ ಮತ್ತೆ ಹಾಗೆ ನೋಡಿದ್ದು ಆಗಲೇ.

ಕಾಕಾ ಇದ್ದಷ್ಟು ದಿನ ಆ ಮುಂಜಾನೆ ಒಂದು ಸೇವೆಯಾಗಿತ್ತು. ಲೋಕದಲ್ಲಿ ಒಬ್ಬನಾದರೂ ಹಾಗೆ ನಂಬಿಕೊಂಡು, ನಗುತ್ತ, ಕೈಯ ಗಾಯದ ಕಲೆ ತೋರಿಸುತ್ತ ತಿರುಗುತ್ತಿದ್ದ. ಮಾಸ್ತರರೂ ಎಂದೋ ತೀರಿಕೊಂಡಿದ್ದಾರೆ. ಈಗ ಅಂದು ಅಲ್ಲಿದ್ದವರಲ್ಲಿ ಉಳಿದವರು ಅವ್ವ ಮತ್ತು ನಾನು. ನಮ್ಮಿಬ್ಬರಿಗೂ ಅದು ಏನೆಂದು ಗೊತ್ತಿದೆ.